ಕಂಟ್ರೋಲ್ ಎಫ್ ಒತ್ತಿ ಕೆಟ್ಟೆ

ಸುಮ್ಮನೆ ಕೂತ ದಿನ ನನಗೆ ಏನೂ ಆಗುವುದಿಲ್ಲ. ಏನಾದರೂ ಹುಡುಕಲು ಹೊರಟೆನೋ, ಅವತ್ತು ಒಂದಲ್ಲ ಒಂದು ಆಗೇ ತೀರುತ್ತದೆ. ದುರದೃಷ್ಟಕ್ಕೆ ಈಗ ನನ್ನ ಕೆಲಸವೇ ಹುಡುಕುವುದು.

ಚಿತ್ರದುರ್ಗದಲ್ಲಿ ಇಪ್ಪತ್ತೆರಡು ವರ್ಷ ಟೈಪಿಂಗ್ ಹೇಳಿಕೊಟ್ಟವನು ನಾನು. ಟೈಪ್‌ರೈಟರುಗಳೆಲ್ಲ ಮೂಲೆ ಸೇರಿದ ಮೇಲೆ ನನ್ನ ಹಳೇ ಶಿಷ್ಯೆಯೊಬ್ಬಳು ತನ್ನ ಆಫೀಸಿಗೆ ಕರೆದಳು. ನಾಲ್ಕೇ ಜನರ ಆಫೀಸು. ಸುತ್ತಮುತ್ತಲಿನ ಶಾಲೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಾರೆ. "ಪ್ರೋಗ್ರಾಂ ನಾವು ಬರಿತೀವಿ ಸರ್. ಅದರೊಳಗಿರೋ ಕನ್ನಡ ಮಾತ್ರ ನೀವು ತಿದ್ದಿಕೊಡ್ರಿ" ಅಂದಳು. ಅವಳು ನನ್ನನ್ನು ಸರ್ ಅನ್ನುತ್ತಾಳೆ, ನಾನು ಅವಳನ್ನು ಮೇಡಂ ಅನ್ನುತ್ತೇನೆ. ಇಬ್ಬರಲ್ಲಿ ದೊಡ್ಡವರು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಅವಳ ಆಫೀಸಿನಲ್ಲಿ ಮೌಸ್ ಇಲ್ಲ. ಕೀಬೋರ್ಡಿನಿಂದ ಕೈ ಎತ್ತಿದರೆ ಗಮನವೂ ಎದ್ದು ಹೋಗುತ್ತದೆ ಅಂತ ಹಿಂದೆ ನಾನೇ ಅವಳಿಗೆ ಪಾಠ ಹೇಳಿದ್ದೆನಂತೆ. ಏನು ಬೇಕಾದರೂ ಕಂಟ್ರೋಲ್ ಕೀ ಹಿಡಿದುಕೊಂಡು ಎಫ್ ಒತ್ತಬೇಕು. ಪರದೆಯ ಮೇಲ್ಗಡೆ ಪುಟ್ಟ ಚೌಕ ತೆರೆಯುತ್ತದೆ. ಅದರಲ್ಲಿ ಬೇಕಾದ ಪದ ಟೈಪ್ ಮಾಡಿದರೆ, ಪ್ರೋಗ್ರಾಂನ ಅಷ್ಟೂ ಸಾಲುಗಳಲ್ಲಿ ಅದೆಲ್ಲಿದ್ದರೂ ಹುಡುಕಿ ತೋರಿಸುತ್ತದೆ. ಎಂಟರ್ ಒತ್ತಿದರೆ ಮುಂದಿನ ಜಾಗಕ್ಕೆ ಹೋಗುತ್ತದೆ, ಎಸ್ಕೇಪ್ ಒತ್ತಿದರೆ ಚೌಕ ಮುಚ್ಚುತ್ತದೆ. ಇಷ್ಟೇ. ಇಷ್ಟರಲ್ಲೇ ನಾನು ಎಷ್ಟು ಸಲ ಮುಗ್ಗರಿಸಿದೆ ಅಂದರೆ, ಕೇಳಿ.

ಇನ್ನೂರ ಹನ್ನೆರಡು

ಕೆಲಸಕ್ಕೆ ಸೇರಿದ ಎರಡನೇ ದಿನ. "ಈ ಫೈಲಲ್ಲಿ 'ವಿದ್ಯಾರ್ಥಿ' ಅನ್ನೋದು ಎಷ್ಟು ಕಡೆ ತಪ್ಪಾಗಿ ಬಿದ್ದೈತೆ ಎಣಿಸಿ ಹೇಳ್ರಿ ಸರ್" ಅಂದಳು ಮೇಡಂ.

ತಪ್ಪು ಪದವನ್ನು ಚೌಕದಲ್ಲಿ ಹಾಕಿ ಎಂಟರ್ ಒತ್ತಿದೆ. ಒಂದು ಸಿಕ್ಕಿತು. ಕಾಗದದ ಮೇಲೆ ಒಂದು ಗೀಟು ಎಳೆದೆ. ಮತ್ತೆ ಎಂಟರ್, ಮತ್ತೊಂದು ಗೀಟು. ಟೀ ಬಂತು, ಆರಿ ತಣ್ಣಗಾಯಿತು, ನಾನು ಮುಟ್ಟಲಿಲ್ಲ. ನಡುನಡುವೆ 'ಇದನ್ನ ಎಲ್ಲೋ ನೋಡಿದಂಗೈತಲ್ಲ' ಅನ್ನಿಸುತ್ತಿತ್ತು. ಆದರೆ ನನ್ನ ಕಣ್ಣಿಗೆ ಪ್ರೋಗ್ರಾಂನ ಸಾಲುಗಳೆಲ್ಲ ಒಂದೇ ಥರ. ಮದುವೆಮನೆಯಲ್ಲಿ ಬೀಗರ ಕಡೆಯವರ ಮುಖಗಳಿದ್ದಂತೆ. ಪರಿಚಯವಿದೆ ಅನ್ನಿಸಿದರೂ ಯಾರು ಅಂತ ಹೇಳಲಾಗದು.

ಊಟದ ಹೊತ್ತಿಗೆ ಬೆರಳು ಸೋತಿತು. ಗೀಟು ಎಣಿಸಿದೆ. ಎದ್ದು ಹೋಗಿ, "ಮೇಡಂ, ಬಹಳ ಕೆಟ್ಟೈತೆ ಪರಿಸ್ಥಿತಿ. ಇನ್ನೂರ ಹನ್ನೆರಡು ಕಡೆ ತಪ್ಪೈತೆ. ಇನ್ನೂ ಬರ್ತಾನೇ ಅವೆ" ಅಂದೆ.

ಅವಳು ಬಂದು ನೋಡಿದಳು. ತಾನೂ ಒಂದಷ್ಟು ಸಲ ಎಂಟರ್ ಒತ್ತಿದಳು. ಆಮೇಲೆ ಮೆಲ್ಲಗೆ, "ಸರ್, ಇದು ಕೊನೆಗೆ ಹೋದ ಮೇಲೆ ನಿಲ್ಲಲ್ಲ. ಮತ್ತೆ ಮೊದಲಿಂದ ಸುತ್ತು ಹಾಕ್ತದೆ. ಇರೋದು ಹನ್ನೊಂದೇ ಕಡೆ. ಈ ಫೈಲಲ್ಲಿರೋ ಸಾಲುಗಳೇ ನೂರಾ ಎಂಬತ್ತು" ಅಂದಳು.

ನಾನು ಕಾಗದ ನೋಡಿದೆ, ಪರದೆ ನೋಡಿದೆ. ನನಗೆ ಅರ್ಥವಾಗದೆ ಉಳಿದದ್ದು ಒಂದೇ. "ಹಂಗಾದ್ರೆ ಮೇಡಂ, ಸಾಲು ಮುಗಿದ ಮೇಲೂ ಮೂವತ್ತೆರಡು ಜಾಸ್ತಿ ಸಿಕ್ಕವಲ್ಲ, ಅವನ್ನ ಯಾವ ಸಾಲಲ್ಲಿ ಬರೆದಿದ್ರಿ?"

ಉಪ್ಪು

ಈ ಚೌಕಕ್ಕೆ ಇನ್ನೊಂದು ಕೆಟ್ಟ ಚಾಳಿ ಇದೆ. ಪೂರ್ತಿ ಪದ ಟೈಪ್ ಮಾಡುವವರೆಗೆ ಕಾಯುವುದಿಲ್ಲ. ನಾನು 'ಪರೀಕ್ಷೆ' ಹುಡುಕಲು 'ಪ' ಒತ್ತಿದರೆ 'ಪತ್ರ'ಕ್ಕೆ ಓಡುತ್ತದೆ. 'ಪರ' ಅಂದರೆ 'ಪರವಾನಗಿ'ಗೆ ಹಾರುತ್ತದೆ. 'ಪರೀ' ಅನ್ನುವಷ್ಟರಲ್ಲಿ 'ಪರೀಶೀಲನೆ' ಅಂತ ಯಾರೋ ತಪ್ಪಾಗಿ ಬರೆದ ಜಾಗದಲ್ಲಿ ಹೋಗಿ ನಿಂತಿರುತ್ತದೆ. ನನಗೆ ತಲೆ ಸುತ್ತಿ ಬಂತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಮುಂದೆ ಹೇಳಿಕೊಂಡೆ. "ಶುದ್ಧ ಅವಿವೇಕಿ ಕಣೇ ಅದು. ಎದುರಿಗಿರೋರು ಏನು ಹೇಳ್ತಾರೆ ಅಂತ ಪೂರ್ತಿ ಕೇಳಿಸ್ಕಳೋ ತಾಳ್ಮೆ ಬೇಡವಾ?"

ಅವಳು ಸಾರು ಬಡಿಸುತ್ತ ಹೂಂಗುಟ್ಟಿದಳು. ಆಮೇಲೆ, "ರೀ, ಉಪ್ಪಿ..." ಅಂದಳು.

ಉಪ್ಪು ಮುಗಿದಿದೆ ಅಂತ ಗೊತ್ತಾಯಿತು. ತಕ್ಷಣ ಎದ್ದು, ಕೈ ತೊಳೆದು, ಚಪ್ಪಲಿ ಮೆಟ್ಟಿ, ಮೂಲೆ ಅಂಗಡಿಯಿಂದ ಒಂದು ಪಾಕೀಟು ಉಪ್ಪು ತಂದು ಅವಳ ಕೈಗೆ ಕೊಟ್ಟೆ. ಸಾರು ತಣ್ಣಗಾಗಿತ್ತು.

ಅವಳು ಪಾಕೀಟು ನೋಡಿದಳು. "ಉಪ್ಪಿನಕಾಯಿ ಹಾಕ್ಲಾ ಅಂತ ಕೇಳಾಣ ಅಂತಿದ್ದೆ" ಅಂದಳು.

ಐಮಂಗಲದ ಹಿರಿಯರು

ಹಿರಿಯೂರಿನ ಒಂದು ಶಾಲೆಯ ಕಂಪ್ಯೂಟರ್ ಟೀಚರಿಗೆ ಈ ಹುಡುಕುವ ವಿದ್ಯೆಯನ್ನು ಕಲಿಸಲು ಮೇಡಂ ನನ್ನನ್ನೇ ಕಳಿಸಿದಳು. ಕಲಿಸಿ, ಚಿತ್ರದುರ್ಗದ ಬಸ್ಸು ಹತ್ತಿದೆ. ಪಕ್ಕದಲ್ಲಿ ವಿಭೂತಿ ಹಚ್ಚಿದ, ಬಿಳಿ ಟವಲ್ ಹೊದ್ದ ಹಿರಿಯರೊಬ್ಬರು ಕೂತಿದ್ದರು. ಬಸ್ಸು ಹೈವೇಗೆ ಬರುವಷ್ಟರಲ್ಲಿ ಟೀಚರ್ ಫೋನ್ ಮಾಡಿದರು. ಕಲಿತದ್ದು ಮರೆತುಹೋಗಿತ್ತು, ಯಾವ ಕೀ ಒತ್ತಬೇಕೋ ತಿಳಿಯದೆ ಗಾಬರಿಯಾಗಿದ್ದರು. ಬಸ್ಸಿನ ಸದ್ದಿಗೆ ನಾನು ಕೂಗಿಯೇ ಮಾತಾಡಬೇಕಾಯಿತು.

"ಹೆದರ್ಬೇಡ್ರಿ ಮೇಡಂ, ನಾನಿದೀನಲ್ಲ! ಮೊದ್ಲು ಕಂಟ್ರೋಲ್ ಮಾಡ್ಕಳ್ರಿ... ಆಗ್ತಿಲ್ವಾ? ಗಟ್ಟಿಯಾಗಿ ಹಿಡ್ಕಳ್ರಿ!"

ಹಿರಿಯರು ಒಮ್ಮೆ ನನ್ನ ಕಡೆ ನೋಡಿದರು.

"ಈಗೆಲ್ಲಿದೀರಿ? ಹೋಮಲ್ಲಾ? ಹೋಮ್ ಬಿಟ್ಬಿಡ್ರಿ ಮೇಡಂ, ಅದರಿಂದ ಏನೂ ಉಪಯೋಗ ಇಲ್ಲ! ಎಸ್ಕೇಪ್! ಹೂಂ, ಎಸ್ಕೇಪ್ ಮಾಡ್ರಿ! ಏನಾಗ್ತೈತೋ ಆಗ್ಲಿ, ಆಮೇಲೆ ನಾನು ನೋಡ್ಕಂತೀನಿ!"

ಹಿರಿಯರು ಸ್ವಲ್ಪ ಸರಿದು ಕೂತರು. ಮುಂದಿನ ಸೀಟಿನ ಇಬ್ಬರು ಹೆಂಗಸರು ತಿರುಗಿ ನೋಡಿದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ್ದ. ಯಾಕೆ ಎಲ್ಲರೂ ಹೀಗೆ ನೋಡುತ್ತಿದ್ದಾರೆ ಅಂತ ನನಗೆ ಹೊಳೆಯಲಿಲ್ಲ. ಟೀಚರ್ ಮಾತ್ರ, "ಆಯ್ತು ಸರ್, ಸಿಕ್ತು" ಅಂತ ಸಂತೋಷದಿಂದ ಫೋನ್ ಇಟ್ಟರು. ನಾನೂ ನಿಟ್ಟುಸಿರು ಬಿಟ್ಟು, "ಅಬ್ಬಾ, ಆತು" ಅಂದೆ.

ಐಮಂಗಲ ಬಂತು. ಹಿರಿಯರು ಎದ್ದರು. ಇಳಿಯುವ ಮುಂಚೆ ನನ್ನ ಹೆಗಲ ಮೇಲೆ ಕೈಯಿಟ್ಟು, ಬಗ್ಗಿ ಕಿವಿಯಲ್ಲಿ ಹೇಳಿದರು: "ನೋಡಪ್ಪ, ನಿನಗೂ ವಯಸ್ಸಾಗೈತೆ. ಆ ಹೆಣ್ಮಗಳಿಗೆ ಮನೆ ಬಿಡ್ಸಾದಕ್ಕಿಂತ ಮುಂಚೆ, ನಿಮ್ಮನೇಲಿ ಒಂದು ಮಾತು ಕೇಳು."

ಮೇಡಂಟಿಫಿಕೇಟ್

ಹೊಳಲ್ಕೆರೆ ಕಡೆಯ ಒಂದು ಪ್ರೌಢಶಾಲೆಗೆ ಹೊಸ ಮುಖ್ಯಶಿಕ್ಷಕಿ ಬಂದರು. ಅಲ್ಲಿಯವರೆಗೂ ಇದ್ದವರು ಗಂಡಸರು. ಹಾಗಾಗಿ ಸಾಫ್ಟ್‌ವೇರ್ ತುಂಬ 'ಹೆಡ್‌ಮಾಸ್ಟರ್ ಸರ್ ಒಪ್ಪಿಗೆ', 'ಸರ್ ಸಹಿ', 'ಸರ್ ಗಮನಕ್ಕೆ' ಅಂತಲೇ ಇತ್ತು. ಶಾಲೆಯ ಗುಮಾಸ್ತರು ಫೋನ್ ಮಾಡಿ, "ಸರ್ ಅಂತ ಇರೋ ಕಡೆ ಎಲ್ಲಾ ಮೇಡಂ ಅಂತ ಮಾಡ್ಕೊಡ್ರಿ" ಅಂದರು.

ನಮ್ಮ ಮೇಡಂ ಅವತ್ತು ಹಿರೇಗುಂಟನೂರಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದಳು. ಅವಳನ್ನು ಯಾಕೆ ಕೇಳಬೇಕು ಅನ್ನಿಸಿತು. ಹುಡುಕುವ ಚೌಕದ ಕೆಳಗೇ ಇನ್ನೊಂದು ಚೌಕ ಇರುತ್ತದೆ. ಮೇಲಿನದರಲ್ಲಿ 'ಸರ್', ಕೆಳಗಿನದರಲ್ಲಿ 'ಮೇಡಂ' ಹಾಕಿ, ಎಲ್ಲ ಕಡೆ ಬದಲಿಸುವ ಕೀ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಮುಗಿಯಿತು. ಒಂದು ಗೀಟೂ ಎಳೆಯಬೇಕಾಗಲಿಲ್ಲ. ಅವತ್ತು ಮನೆಗೆ ಎದೆ ಉಬ್ಬಿಸಿಕೊಂಡು ಹೋದೆ.

ಮರುದಿನ ಗುಮಾಸ್ತರ ಫೋನು. "ಸರ್, ನಿನ್ನೆ ತನಕ ನಮ್ಮದು ಸರ್ಕಾರಿ ಪ್ರೌಢಶಾಲೆ ಆಗಿತ್ತು. ಇವತ್ತು ಬೆಳಗ್ಗೆಯಿಂದ ಮೇಡಂಕಾರಿ ಪ್ರೌಢಶಾಲೆ ಆಗೈತೆ."

ನನಗೆ ಅರ್ಥವಾಗಲಿಲ್ಲ. "ಹಂಗಂದ್ರೆ ಏನ್ರಿ?"

"ನಮಗೂ ಅದೇ ಗೊತ್ತಾಗ್ತಿಲ್ಲ. ಒಬ್ಬ ಹುಡುಗನಿಗೆ ಸ್ಟಡಿ ಸರ್ಟಿಫಿಕೇಟ್ ತೆಗೆದ್ವಿ. 'ಸ್ಟಡಿ ಮೇಡಂಟಿಫಿಕೇಟ್' ಅಂತ ಬಂತು. ಅವನು ಅದನ್ನ ಹಿಡ್ಕಂಡು ಬಸ್ ಪಾಸಿಗೆ ಹೋಗಿ, ಅವರು ಬೈದು ಕಳಿಸಿ, ಈಗ ಇಲ್ಲಿ ಅಳ್ತಾ ಕುಂತವನೆ."

ಸರ್ಕಾರಿಯ 'ಸರ್', ಸರ್ಟಿಫಿಕೇಟಿನ 'ಸರ್', ಯಾವುದನ್ನೂ ಬಿಡದೆ ಅದು ಹಿಡಿದು ಬದಲಿಸಿತ್ತು ಅನ್ನುವುದು ಆಗ ತಲೆಗೆ ಹೋಯಿತು. ಅಷ್ಟರಲ್ಲಿ ಹೊಸ ಮುಖ್ಯಶಿಕ್ಷಕಿಯವರೇ ಫೋನ್ ತೆಗೆದುಕೊಂಡರು.

"ಎಲ್ಲಾನೂ ಮೊದ್ಲಿನಂಗೆ ಮಾಡ್ರಿ" ಅಂದರು ಗಟ್ಟಿಯಾಗಿ. ಆಮೇಲೆ ದನಿ ತಗ್ಗಿತು. "ಆದ್ರೆ ಮೊದಲನೇ ಪುಟದಾಗೆ 'ಸರ್ವರಿಗೂ ಸ್ವಾಗತ' ಅಂತ ಇತ್ತಂತಲ್ಲ. ಅದೀಗ 'ಮೇಡಂವರಿಗೂ ಸ್ವಾಗತ' ಆಗೈತೆ. ಅದೊಂದನ್ನ ಹಂಗೇ ಬಿಡ್ರಿ. ನಾನು ಬಂದು ಎಂಟು ದಿನ ಆತು, ಈ ಶಾಲೇಲಿ ಆ ಮಾತು ಇನ್ನೂ ಯಾರೂ ಅಂದಿಲ್ಲ."

ತಂದೆಯ ಹೆಸರು

ಇದನ್ನು ಹೇಳಲು ಈಗಲೂ ನಾಚಿಕೆ.

ಹೊಸದುರ್ಗದ ಒಂದು ಶಾಲೆಗೆ ಮಕ್ಕಳ ಗುರುತಿನ ಚೀಟಿ ಮಾಡಿಕೊಡುತ್ತಿದ್ದೆವು. 'ತಂದೆಯ ಹೆಸರು' ಅನ್ನುವುದರ ಮುಂದೆ ಎರಡು ಚುಕ್ಕಿ ಬಿಟ್ಟುಹೋಗಿತ್ತು. ಹುಡುಕಿ, ಚುಕ್ಕಿ ಹಾಕಿದೆ. ಆಮೇಲೆ 'ತಾಯಿಯ ಹೆಸರು' ಹುಡುಕಿದೆ. ಸಿಗಲಿಲ್ಲ. ಇನ್ನೊಮ್ಮೆ ಹುಡುಕಿದೆ. ಇಲ್ಲ. ಬೇಸತ್ತು ಎಸ್ಕೇಪ್ ಒತ್ತಿದೆ.

ಎಸ್ಕೇಪ್ ಒತ್ತಿದರೆ ಚೌಕ ಮುಚ್ಚಿಹೋಗುತ್ತದೆ ಅನ್ನುವುದು ಆ ಕ್ಷಣಕ್ಕೆ ಮರೆತಿತ್ತು. ಟೈಪಿಂಗ್ ಕಲಿಸಿದವನಿಗೆ ಟೈಪ್ ಮಾಡುವಾಗ ಪರದೆ ನೋಡುವ ಅಭ್ಯಾಸವೂ ಇಲ್ಲ. ಸಿಟ್ಟು ಬಂದರೆ ಬಾಯಿಗೆ ಬಂದದ್ದು ನನಗೆ ಬೆರಳಿಗೂ ಬರುತ್ತದೆ. 'ಎಲ್ಲೋದ್ಯಪ್ಪಾ' ಅಂತ ಟೈಪ್ ಮಾಡಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಫೈಲ್ ಸೇವ್ ಮಾಡಿ ಎದ್ದು ಹೋದೆ. ಆ ಮಾತು ಹುಡುಕುವ ಚೌಕಕ್ಕೆ ಹೋಗಿರಲಿಲ್ಲ. ನಾನು ಚುಕ್ಕಿ ಹಾಕಿದ ಜಾಗದಲ್ಲೇ, ತಂದೆಯ ಹೆಸರಿನ ಪಕ್ಕದಲ್ಲಿ, ನೆಮ್ಮದಿಯಾಗಿ ಕೂತುಬಿಟ್ಟಿತ್ತು.

ಆ ಒಂದೇ ಮಾದರಿಯಿಂದ ಎಲ್ಲ ಮಕ್ಕಳ ಚೀಟಿಗಳೂ ಅಚ್ಚಾದವು. ಪೋಷಕರ ಸಭೆ ಕರೆದು ಎಲ್ಲರಿಗೂ ಹಂಚಿದ್ದೂ ಆಯಿತು. ಹೆಡ್‌ಮಾಸ್ಟರ್ ಫೋನ್ ಮಾಡಿ, "ತಕ್ಷಣ ಹೊರಟು ಬರ್ರಿ" ಅಂತಷ್ಟೇ ಅಂದರು. ಮೇಡಂ ಮುಖ ಕಪ್ಪಿಟ್ಟಿತು. ಆ ಶಾಲೆ ನಮ್ಮ ಕೈ ಬಿಟ್ಟರೆ ಉಳಿದವೂ ಬಿಡುತ್ತವೆ ಅಂತ ಅವಳು ಬಾಯಿ ಬಿಟ್ಟು ಹೇಳಲಿಲ್ಲ. ನನಗೆ ಗೊತ್ತಾಯಿತು.

ನಾನು ಹೋಗುವಷ್ಟರಲ್ಲಿ ಶಾಲೆಯ ಅಂಗಳದ ತುಂಬ ಅಪ್ಪಂದಿರು, ಕೊಠಡಿಯ ತುಂಬ ಅಮ್ಮಂದಿರು. ಹೆಡ್‌ಮಾಸ್ಟರ್ ಒಂದು ಚೀಟಿ ನನ್ನ ಕೈಗಿಟ್ಟರು. ಓದಿದೆ. 'ತಂದೆಯ ಹೆಸರು: ಎಲ್ಲೋದ್ಯಪ್ಪಾ ತಿಪ್ಪೇಸ್ವಾಮಿ'. ಇನ್ನೊಂದು ಕೊಟ್ಟರು. 'ಎಲ್ಲೋದ್ಯಪ್ಪಾ ಓಬಳೇಶ'.

"ಮುನ್ನೂರು ಮಕ್ಕಳಿಗೂ ಹಿಂಗೇ ಐತ್ರಿ" ಅಂದರು. "ಏನಿದು, ಮನೆತನದ ಹೆಸರಾ, ಬಿರುದಾ?"

ಕೈ ಮುಗಿದು ನಿಂತೆ. ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಎರಡೇ ದಿನದಲ್ಲಿ ಹೊಸ ಚೀಟಿ ನಾನೇ ತಂದು ಕೊಡುತ್ತೇನೆ ಅಂತಲೂ ಹೇಳಿದೆ. ಹೆಡ್‌ಮಾಸ್ಟರ್ ಒಳ್ಳೆಯವರು. ತುಟಿ ಕಚ್ಚಿ ಹಿಡಿದ ನಗುವನ್ನು ಸಿಟ್ಟಿನಂತೆ ತೋರಿಸುತ್ತಿದ್ದರು. "ಆತು ಬಿಡ್ರಿ. ಎಲ್ಲಾ ಚೀಟಿ ವಾಪಸ್ ತಗಳ್ರಿ. ಒಬ್ಬೊಬ್ಬ ತಂದೆ ಹತ್ರನೂ ಸಹಿ ಹಾಕಿಸ್ಕಳ್ರಿ" ಅಂದರು.

ಮೇಜಿನ ಹತ್ತಿರ ಮೊದಲು ಬಂದದ್ದು ಒಬ್ಬ ತಾಯಿ. ಚೀಟಿ ಮುಂದೆ ಇಟ್ಟರು.

"ಯಜಮಾನ್ರು ಬರ್ಲಿಲ್ವೇನಮ್ಮ? ಸಹಿ ಬೇಕಿತ್ತು" ಅಂದೆ.

"ಬಂದವ್ರೆ. ಗೇಟಿನ ತನಕ ಜೊತೇಲೇ ಇದ್ರು. ಆಮೇಲೆ ಎಲ್ಲೋದ್ರೋ ಕಾಣೆ. ಯಾವಾಗ್ಲೂ ಹಿಂಗೇ ಇವರು."

ಹೆಡ್‌ಮಾಸ್ಟರ್ ಅಟೆಂಡರನ್ನು ಕರೆದು, ಆ ಚೀಟಿಯನ್ನೇ ಅವನ ಕೈಗೆ ಕೊಟ್ಟು, "ಇವರ ಯಜಮಾನ್ರನ್ನ ಕೂಗಪ್ಪ" ಅಂದರು. ಅಟೆಂಡರ್ ಬೆಳಗಿನಿಂದ ಕುರ್ಚಿ ಹಾಕುವ ಕೆಲಸದಲ್ಲಿದ್ದ. ನಡೆದದ್ದೇನೂ ಅವನಿಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಚೀಟಿಯನ್ನು ದೂರ ಹಿಡಿದು, ತಂದೆಯ ಹೆಸರಿನ ಮೊದಲನೇ ಪದವನ್ನು ಕೂಡಿಸಿಕೂಡಿಸಿ ಓದಿದ. ಆಮೇಲೆ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದ.

"ಎಲ್ಲೋದ್ಯಪ್ಪಾ ಅನ್ನೋರು ಯಾರ್ರಿ? ಒಳಗೆ ಬರ್ಬೇಕಂತೆ!"

ಅಂಗಳದಲ್ಲಿ ಕೂತಿದ್ದ ಅಪ್ಪಂದಿರೆಲ್ಲ ಕೈಯಲ್ಲಿದ್ದ ಚೀಟಿ ನೋಡಿಕೊಂಡು ಒಟ್ಟಿಗೆ ಎದ್ದು ನಿಂತರು.

ಆ ತಾಯಿ ಕಿಟಕಿಯ ಹತ್ತಿರ ಹೋಗಿ, ಸೆರಗು ಸರಿಮಾಡಿಕೊಂಡು, ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು:

"ಇವರ್ಯಾರೂ ಅಲ್ಲ ಬಿಡ್ರಿ. ನಮ್ಮೋರು ಇಷ್ಟು ಬೇಗ ಸಿಗಾರಲ್ಲ."