ಇಂಜಿನ್ನಿನ ಬಾಣಂತನ

ರೇಸ್ ಕಾರನ್ನು ನಮ್ಮ ಮಾವನಷ್ಟು ನಿಧಾನವಾಗಿ ಓಡಿಸಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಒಟ್ಟಿಗೆ ಶಾಲು ಹೊದಿಸೋಣ!

ಮಾವ ಎಂದರೆ ನನ್ನ ತಾಯಿಯ ತಮ್ಮ. ಹುಣಸೂರಿನ ಆಚೆ ಹೊಗೆಸೊಪ್ಪು ಬೆಳೆಯುತ್ತಿದ್ದರು. ಊರಿನವರೆಲ್ಲ ಬ್ಯಾರನ್ ಎಂಬ ಕಾವಿನ ಮನೆಯಲ್ಲಿ ಸೊಪ್ಪು ಬೇಯಿಸಿದರೆ, ಮಾವ ತಮ್ಮ ಹಳೆಯ ಬ್ಯಾರನ್ನಿನಲ್ಲಿ ಒಂದು ಓಬೀರಾಯನ ಕಾಲದ ಕಾರು ನಿಲ್ಲಿಸಿಕೊಂಡು ಅದಕ್ಕೆ ಹೊಸ ಇಂಜಿನ್ ಕಟ್ಟಿದರು. ದಪ್ಪ ಪಿಸ್ಟನ್ನು, ಜೋಡಿ ಕಾರ್ಬುರೇಟರು, ಏನು ಕೇಳುತ್ತೀರಿ! ಸುಗ್ಗಿ ಮುಗಿದ ಮೇಲೆ ಕೆ.ಆರ್. ನಗರದ ಹತ್ತಿರ ಮಣ್ಣಿನ ಮೈದಾನದಲ್ಲಿ ಕಾರ್ ರೇಸ್ ಇದೆಯೆಂದು ಯಾರೋ ಪೋಸ್ಟರ್ ಅಂಟಿಸಿದ್ದರು. ಅದರಲ್ಲಿ ಗೆಲ್ಲಬೇಕು. ಐವತ್ತೆಂಟರ ವಯಸ್ಸಿನಲ್ಲಿ ಮಾವನಿಗೆ ಬೇರೆ ಆಸೆಯೇ ಇರಲಿಲ್ಲ.

ತಪ್ಪೆಲ್ಲ ಮೈಸೂರಿನ ಮೆಕ್ಯಾನಿಕ್ಕನದು. ಸಿಲಿಂಡರು ಕೊರೆದುಕೊಟ್ಟವನು, ಪಿಸ್ಟನ್ನಿನ ಹೊಸ ರಿಂಗುಗಳು ಒಳಗೆ ಹೊಂದಿಕೊಳ್ಳಬೇಕು, ಮೊದಲ ಸಾವಿರ ಕಿಲೋಮೀಟರು ನಲವತ್ತರ ಮೇಲೆ ಹೋಗಬೇಡಿ ಎಂದಷ್ಟೇ ಹೇಳಿ ಸುಮ್ಮನಾಗಬಾರದಿತ್ತೇ? “ಇಂಜಿನ್‌ದು ಇನ್ನೂ ಹಸಿ ಮೈ ಕಣ್ರೀ” ಎಂದೂ ಸೇರಿಸಿಬಿಟ್ಟ. ನಮ್ಮ ಕಡೆ ಹಸಿ ಮೈ ಎಂದರೆ ಒಂದೇ ಅರ್ಥ. ಮಾವ ಊರಿಗೆ ಬಂದವರೇ ಇಂಜಿನ್ನಿಗೆ ಬಾಣಂತನ ಶುರು ಮಾಡಿದರು.

ಬಾನೆಟ್ಟಿನ ಮೇಲೆ ಕಂಬಳಿ ಬಿತ್ತು. ಥಂಡಿ ಗಾಳಿ ನುಗ್ಗದಂತೆ ಬ್ಯಾರನ್ನಿನ ಕಿಂಡಿಗಳಿಗೆಲ್ಲ ಗೋಣಿಚೀಲ ತುರುಕಿದ್ದಾಯಿತು. ರೇಡಿಯೇಟರಿಗೆ ಕಾಯಿಸಿ ಆರಿಸಿದ ನೀರು, ಸಂಜೆಯಾದರೆ ಸಾಂಬ್ರಾಣಿ ಹೊಗೆ. ಹತ್ತಿರ ಯಾರೂ ಜೋರಾಗಿ ಮಾತನಾಡುವಂತಿಲ್ಲ. ಪಕ್ಕದ ಮನೆಯ ಅಜ್ಜಿಗೆ ಕಣ್ಣು ಮಂಜು. ಸಾಂಬ್ರಾಣಿಯ ವಾಸನೆ ಹಿಡಿದು ಬಂದು, ಒಂದು ಪೊಟ್ಟಣ ಬನ್ನು ಕೊಟ್ಟು, ಮಗು ಗಂಡೋ ಹೆಣ್ಣೋ ಎಂದು ವಿಚಾರಿಸಿದಳು. ಮಾವ ನಾಲ್ಕು ಸಿಲಿಂಡರು ಎಂದು ಉತ್ತರ ಕೊಟ್ಟು ಬನ್ನು ತಿಂದರು.

ಇನ್ನು ರಸ್ತೆಯ ಮೇಲಿನ ವೈಭವ! ನಲವತ್ತು ದಾಟೀತೆಂಬ ಭಯಕ್ಕೆ ಮಾವ ಮೊದಮೊದಲು ಹದಿನೈದರಲ್ಲೇ ತೆವಳುತ್ತಿದ್ದರು. ಹಾಲಿನ ಸೈಕಲ್ಲುಗಳು ಬೆಲ್ ಹೊಡೆದು ಪಕ್ಕಕ್ಕೆ ಸರಿಸಿ ಮುಂದೆ ಹೋಗುತ್ತಿದ್ದವು. ಒಮ್ಮೆ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಟೀ ಕುಡಿದು ಹೊರಟಾಗ, ಕಾರು ತೆವಳುವುದನ್ನು ಕಂಡು ಅಂಗಡಿ ಮುಂದಿದ್ದ ಹುಡುಗರು ಪಾಪ, ಕೆಟ್ಟು ಹೋಗಿದೆ ಎಂದುಕೊಂಡು ಹಿಂದಿನಿಂದ ತಳ್ಳತೊಡಗಿದರು. “ಬುಡ್ರಲಾ, ನಲವತ್ ದಾಟೋಯ್ತದೆ!” ಎಂದು ಮಾವ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದರು. ಹುಡುಗರು ಇನ್ನಷ್ಟು ಹುರುಪಿನಿಂದ ತಳ್ಳಿದರು.

ಖಾಲಿ ಕಾರು ಓಡಿಸಿದರೆ ರಿಂಗು ಸರಿಯಾಗಿ ಕೂರುವುದಿಲ್ಲ, ಹದವಾದ ಭಾರ ಬೇಕು ಎಂದು ಮೆಕ್ಯಾನಿಕ್ ಹೇಳಿದ್ದ. ಹಿಂದಿನ ಸೀಟಿನ ಭಾರ ನಾನು. ಹುಣಸೂರಿನಲ್ಲಿ ಮೇಷ್ಟ್ರಾಗಿದ್ದ ನನ್ನ ವಿದ್ಯೆಗೆ ಮಾವ ಎಂದೂ ಬೆಲೆ ಕೊಟ್ಟವರಲ್ಲ, ತೂಕಕ್ಕೆ ಕೊಟ್ಟರು. ಮುಂದಿನ ಸೀಟಿಗೆ ಒಂದು ಮೂಟೆ ರಾಗಿ. ಆದರೆ ಮೂಟೆಗೆ ಇಲಿ ತೂತು ಮಾಡಿ ರಾಗಿಯೆಲ್ಲ ಗೇರಿನ ಸಂದಿಗೆ ಸೋರಿತು. ಮಾರನೆಯ ದಿನ ಮೂಟೆಯ ಜಾಗಕ್ಕೆ ಅತ್ತೆಯನ್ನು ಕೂರಿಸಿದರು.

ಅತ್ತೆ ಬಂದು ಕೂತದ್ದೇ ಆಶ್ಚರ್ಯ. ಪಿರಿಯಾಪಟ್ಟಣದಲ್ಲಿದ್ದ ಅವರ ಒಬ್ಬಳೇ ತಂಗಿ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅಂದಿನಿಂದ ಅತ್ತೆ ಹೊಸ್ತಿಲು ದಾಟಿರಲಿಲ್ಲ. ಹೂಂ, ಊಹೂಂ ಬಿಟ್ಟರೆ ಬಾಯಲ್ಲಿ ಮಾತಿರಲಿಲ್ಲ. ಮಾವನೇನು ಸಮಾಧಾನ ಹೇಳಲು ಬರುವ ಆಸಾಮಿಯೇ? ಬ್ಯಾರನ್ನಿಗೆ ಹೋಗಿ ಸ್ಪ್ಯಾನರ್ ಹಿಡಿಯುತ್ತಿದ್ದರು.

ಕೆಲವು ದಿನ ಅತ್ತೆ ರಾಗಿ ಮೂಟೆಯಷ್ಟೇ ಮೌನವಾಗಿ ಕೂತರು. ಒಂದು ದಿನ ಪಿರಿಯಾಪಟ್ಟಣದ ಆಚೆ ಕೊಪ್ಪದ ಹತ್ತಿರ, ರಸ್ತೆ ನೋಡುತ್ತಲೇ ಹೇಳಿದರು: “ಇಂಜಿನ್‌ಗೆ ಇಷ್ಟೊಂದು ಬಾಣಂತನ ಮಾಡ್ತೀರಲ್ಲ, ನನ್ ಬಾಣಂತನ್ದಲ್ಲಿ ಒಂದ್ ಚೆಂಬು ಬಿಸ್ನೀರಾದ್ರೂ ಕಾಯಿಸ್ಕೊಟ್ಟಿದ್ರಾ? ಎಲ್ಲಾ ಮಾಡ್ದೋಳು ನನ್ ತಂಗಿ.”

ಮಾವನ ಕಾಲು ಗಾಬರಿಯಿಂದ ಜಾರಿ ಕಾರು ನಲವತ್ತೈದು ಮುಟ್ಟಿತು. ಇಂಜಿನ್ ಹುಟ್ಟಿದ ಮೇಲೆ ಅದೇ ಮೊದಲ ಅಪಚಾರ!

ಅಲ್ಲಿಂದ ಶುರುವಾದ ಮಾತು ದಿನದಿನಕ್ಕೂ ಉದ್ದವಾಯಿತು. ಅಕ್ಕತಂಗಿಯರು ಚಿಕ್ಕಂದಿನಲ್ಲಿ ಗಾಡಿಯ ಹಿಂದೆ ಓಡಿ ಕಬ್ಬು ಎಳೆದದ್ದು, ಒಂದೇ ಜೊತೆ ಚಪ್ಪಲಿಯನ್ನು ಸರದಿಯ ಮೇಲೆ ಮೆಟ್ಟಿದ್ದು. ಮಾವ ಸ್ಟೇರಿಂಗ್ ಹಿಡಿದು ಆಮೇಲೆ? ಆಮೇಲೆ? ಎಂದು ಕೇಳುತ್ತಿದ್ದರು.

ಅಂತೂ ಸಾವಿರ ತುಂಬಿತು. ಟ್ಯೂನಿಂಗ್ ಮಾಡುವಾಗ ಮಾವ ಸ್ಪಾರ್ಕ್ ಪ್ಲಗ್ಗು ಬಿಚ್ಚಿ, ಸೊಪ್ಪು ಗ್ರೇಡ್ ಮಾಡುವವರಂತೆ ಬೆಳಕಿಗೆ ಹಿಡಿಯುತ್ತಿದ್ದರು. ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ. ಪಕ್ಕದಲ್ಲಿ ಬೆಂದ ಸೊಪ್ಪೊಂದನ್ನು ಇಟ್ಟುಕೊಂಡು ಅದೇ ಕಂದು ಬರುವ ತನಕ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದರು. ಬಣ್ಣ ಕೂಡಿತು. ರೇಸಿಗೆ ಇನ್ನೊಂದು ವಾರ ಇರುವಾಗ ಕೆ.ಆರ್. ನಗರದ ನೇರ ರಸ್ತೆಯಲ್ಲಿ ಮಾವ ಮೊದಲ ಸಲ ಪೂರ್ತಿ ಒತ್ತಿದರು.

ಕಾರು ಓಡಲಿಲ್ಲ ಸ್ವಾಮಿ, ಹಾರಿತು! ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು. ಮಾವ ಮಗುವಿನಂತೆ ನಕ್ಕರು. ಅತ್ತೆ ಮಾತ್ರ ಕಣ್ಣು ಮುಚ್ಚಿ, ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು. ಮನೆ ಸೇರುವವರೆಗೆ ತುಟಿ ಬಿಚ್ಚಲಿಲ್ಲ. ಮಾರನೆಯ ದಿನ ಕರೆದರೆ, ಊಹೂಂ ಎಂದರು.

ರೇಸಿನ ಹಿಂದಿನ ದಿನ, ಗೆದ್ದು ಬನ್ನಿ ಎನ್ನಲು ಹೋದರೆ ಬ್ಯಾರನ್ನಿನಲ್ಲಿ ಕಂಡದ್ದೇನು? ನೆಲದ ಮೇಲೆ ಇಂಜಿನ್ ಚೂರುಚೂರಾಗಿ ಹರಡಿದೆ. ಏನು ಒಡೆಯಿತು ಮಾವ ಎಂದು ನಾನು ಕೂಗಿಯೇಬಿಟ್ಟೆ.

“ಏನೂ ಒಡ್ದಿಲ್ಲ. ವಸಾ ರಿಂಗ್ ಆಕ್ತಾ ಇವ್ನಿ. ವಸಾದು ಆಕುದ್ರೆ ತಿರ್ಗಾ ಸಾವ್ರ ಕಿಲೋಮೀಟ್ರು ನಲವತ್ರಲ್ಲೇ ಓಡಿಸ್ಬೇಕಲ್ಲ.”

“ಹಾಗಾದರೆ ನಾಳೆ ರೇಸು?”

ಮಾವ ಪಿಸ್ಟನ್ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು. “ಓಡೋರು ಓಡ್ಲಿ ಬುಡು. ನಲವತ್ತರಲ್ಲಾದ್ರೆ ನಿಮ್ಮತ್ತೆ ಮಾತಾಡ್ತಾಳೆ ಕಣ್ಲಾ.”

ಬಾಗಿಲಲ್ಲಿ ನೆರಳು ಸರಿಯಿತು. ಅತ್ತೆ ಕಾಫಿ ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಟವನ್ನು ಮಾವನ ಪಕ್ಕದಲ್ಲಿಟ್ಟು, ನೆಲದ ಮೇಲಿನ ಚೂರುಗಳನ್ನು ಒಂದೊಂದಾಗಿ ನೋಡಿ ಕೇಳಿದರು:

“ಸೋಮ್ವಾರುಕ್ಕಾದ್ರೂ ಜೋಡಿಸ್ತೀರಾ? ತಂಗಿ ಮದ್ವೆ ಕತೆ ಅರ್ಧುಕ್ಕೇ ನಿಂತದೆ.”

ಮಾವ ಪಿಸ್ಟನ್ ಕೈಗೆತ್ತಿಕೊಂಡರು. ನಾನೂ ಅಂಗಿಯ ತೋಳು ಮಡಚಿ ಅವರ ಪಕ್ಕ ಕೂತೆ.