ಯಜಮಾನರಿಲ್ಲದ ಹುಳುಮನೆ

ನಮ್ಮಣ್ಣನ ಹತ್ತಿರ ಒಂದು ಲೋಟ ನೀರು ಕೇಳಿ ನೋಡಿ. ನೀರು ಬರುವುದಿಲ್ಲ, ಹರಾಜು ಶುರುವಾಗುತ್ತದೆ!

ಅವನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ಯಂತ್ರಗಳು ಮೇಸ್ತ್ರಿಯಿಲ್ಲದೆ ತಮ್ಮತಮ್ಮಲ್ಲೇ ಕೆಲಸ ಹಂಚಿಕೊಳ್ಳುವುದು ಹೇಗೆ ಎಂಬುದು ಅವನ ವಿಷಯ. ಪ್ರತಿ ಯಂತ್ರವೂ ‘ಈ ಕೆಲಸ ನನಗೆ ಇಷ್ಟು ಕಷ್ಟ’ ಎಂದು ಅಕ್ಕಪಕ್ಕದವಕ್ಕೆ ಮಾತ್ರ ಹೇಳಬೇಕಂತೆ, ಅವು ತಮ್ಮ ಪಕ್ಕದವಕ್ಕೆ ದಾಟಿಸಬೇಕಂತೆ. ಕೊನೆಗೆ ಯಾರಿಗೆ ಕಷ್ಟ ಕಡಿಮೆಯೋ ಕೆಲಸ ಅವರದು, ಇದೇ ಅವನ ಹರಾಜು. ಯಂತ್ರಗಳು ಪಾಪ, ಸುಳ್ಳು ಹೇಳುವುದಿಲ್ಲ. ನಾವು?

ಹೋದ ಗೌರಿ ಹಬ್ಬಕ್ಕೆ ಚನ್ನಪಟ್ಟಣದ ನಮ್ಮ ಮನೆಗೆ ಬಂದವನು ತೆಂಗಿನಕಾಯಿ ತುರಿಯುವುದನ್ನು ಹರಾಜಿಗಿಟ್ಟ. ನನ್ನ ಗಂಡ ನೂರಕ್ಕೆ ಎಂಬತ್ತು ಕಷ್ಟ ಎಂದರು. ಮಗಳು ತೊಂಬತ್ತು ಎಂದಳು. ಕಾಯಿ ತುರಿಯುವುದೆಂದರೆ ಸಾವನದುರ್ಗದ ಬೆಟ್ಟ ಹತ್ತಿದ ಹಾಗೆ ಎಂದು ನನಗೆ ಗೊತ್ತಾಗಿದ್ದೇ ಅವತ್ತು. ಒಲೆಯ ಮುಂದೆ ನಿಂತಿದ್ದ ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ತುರಿದವಳು ನಾನೇ.

“ವಿಧಾನ ಸರಿಯಾಗೇ ಐತೆ, ನೀವು ಸರಿ ಇಲ್ಲ” ಅಂದ ಅಣ್ಣ, ಒಬ್ಬಟ್ಟು ಮುರಿಯುತ್ತ.

ಇದನ್ನಾದರೂ ಸಹಿಸಬಹುದು. ತವರೂರು ಕೂಟಗಲ್ಲಿನಲ್ಲಿ ನಮ್ಮ ತಮ್ಮ ಸಾಕಿದ ರೇಷ್ಮೆ ಹುಳು ಹಣ್ಣಾದ ದಿನ ಅಣ್ಣ ಮಾಡಿದ್ದನ್ನು? ಹಣ್ಣಾದ, ಎಂದರೆ ಮೇವು ಬಿಟ್ಟು ನೂಲು ಬಿಡಲು ಸಿದ್ಧವಾದ ಹುಳುವನ್ನು ಅವತ್ತೇ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸೊಪ್ಪಿನ ಮೇಲೇ ನೂಲು ಬಿಟ್ಟು ಬೆಳೆ ಹಾಳು. ಮುಂಚೆಲ್ಲ ನಮ್ಮವ್ವ ಜಗಲಿ ಮೇಲೆ ಕೂತು, “ಲೇ, ನೀನು ಆರ್ಸು, ನೀನು ಚಂದ್ರಿಕೆ ತತ್ತಾ” ಎಂದು ಕೂಗಿದರೆ ಊಟದ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಅವ್ವ ಹೋದ ಮೇಲೆ ಇದು ಮೊದಲ ಬೆಳೆ. “ಕೂಗೋರು ಯಾರೂ ಬ್ಯಾಡ” ಎಂದ ಅಣ್ಣ, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಪಕ್ಕದವರ ಜೊತೆ ಮಾತ್ರ ಮಾತಾಡಬೇಕೆಂದು ಅಪ್ಪಣೆ ಮಾಡಿದ.

ಸುದ್ದಿ ಸಾಲಿನ ಆ ತುದಿ ಮುಟ್ಟುವಷ್ಟರಲ್ಲಿ ಮೂವರು ಚಂದ್ರಿಕೆ ತರಲು ಹೋಗಿಬಿಟ್ಟಿದ್ದರು. ಆರಿಸುವುದು ನನ್ನದೋ ನಿನ್ನದೋ ಎಂದು ಮಿಕ್ಕವರು ಇನ್ನೂ ಪಿಸುಗುಡುತ್ತಿದ್ದೆವು. ಮಾಗಡಿಯಿಂದ ಬಂದಿದ್ದ ಚಿಕ್ಕಮ್ಮನ ಸೆರಗಿಗೆ ಹತ್ತಿದ್ದ ಒಂದು ಹುಳು ಅಲ್ಲೇ ಗೂಡು ಕಟ್ಟತೊಡಗಿತು. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಕೆಲಸಕ್ಕಿಳಿದದ್ದು ಅದೊಂದೇ.

“ಅಣ್ಣೋ, ಬೆಳೆ ಹೊಂಟೋಯ್ತದೆ” ಅಂದ ತಮ್ಮ. ಅವನ ಮುಖ ಬಾಡಿಹೋಗಿತ್ತು.

ನನಗೆ ತಡೆಯಲಾಗಲಿಲ್ಲ. “ದೊಡ್ಡೋನು ನೀನು. ಹೋಗಿ ಜಗಲಿ ಮೇಲೆ ಕೂತ್ಕೊ. ಯಾರ್ಯಾರು ಏನೇನ್ ಮಾಡ್ಬೇಕು ಅಂತ ಬಾಯ್ಬುಟ್ಟು ಹೇಳಣ್ಣ.”

ಅಣ್ಣ ಜಗಲಿಯ ಕಡೆ ನೋಡಿದ.

“ಅವ್ವ ಕೂರ್ತಿದ್ದ ಜಾಗ ಕಣಮ್ಮಿ ಅದು. ನಾನು ಕೂರಕ್ಕಾಗಲ್ಲ. ಇನ್ನೊಬ್ರು ಕೂತ್ರೆ ನೋಡಕ್ಕೂ ಆಗಲ್ಲ. ಅದ್ಕೇ, ಯಾರೂ ಕೂರದಂಗೆ ಈ ದಾರಿ ಹಿಡ್ದೆ.”

ಅವನ ಮೇಲೆ ಇಷ್ಟು ವರ್ಷ ಕೂಡಿಟ್ಟಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ ಕಾಣೆ. ಸೆರಗು ಸಿಕ್ಕಿಸಿ ಹುಳು ಆರಿಸಲು ಕೂತೆ. ಪಕ್ಕಕ್ಕೆ ತಮ್ಮ ಬಂದ, ಆಚೆ ಪಕ್ಕಕ್ಕೆ ಚಿಕ್ಕಮ್ಮ. ಜಗಲಿ ಖಾಲಿಯೇ ಇತ್ತು. ಅಣ್ಣ ಚಂದ್ರಿಕೆ ಹಿಡಿದು ಎದುರಿಗೆ ಬಂದವನು, ಅಭ್ಯಾಸ ನೋಡಿ, ಕೇಳಿಯೇ ಬಿಟ್ಟ.

“ನಿಂಗೆ ಎಷ್ಟು ಕಷ್ಟ?”

“ಸೊನ್ನೆ ಕಣಣ್ಣ” ಅಂದೆ.