ಎರಡು ಕಿಲೋ ನಾಯಿ, ಐವತ್ತೊಂದು ಕಿಲೋ ಮಾಸ್ತರು

ಹೊಟ್ಟೆಕಿಚ್ಚು ಪಡುವ ಪ್ರಸಂಗಗಳು ನನ್ನನ್ನು ಹುಡುಕಿಕೊಂಡೇ ಬರುತ್ತವೆ. ಷಡ್ಡಕನ ಟೆರಿಲಿನ್ ಅಂಗಿ, ಎದುರು ಮನೆಯ ರೇಡಿಯೋ, ಹೆಡ್‌ಮಾಸ್ತರರ ಹೊಸ ಸೈಕಲ್ಲು, ಎಲ್ಲವೂ ನನ್ನ ನಿದ್ದೆ ಕೆಡಿಸಿವೆ. ಆದರೆ ಎಂಬತ್ತರ ಸುಮಾರಿಗೆ ನಾನು ರಾಯಚೂರಿನಲ್ಲಿ ಶಾಲಾ ಮಾಸ್ತರನಾಗಿದ್ದಾಗ ಒಂದು ಬಡಕಲು ನಾಯಿ ನನ್ನ ಹೊಟ್ಟೆ ಉರಿಸಿದಷ್ಟು ಇನ್ಯಾರೂ ಉರಿಸಲಿಲ್ಲ.

ಬುಟ್ಟಿಯಲ್ಲಿ ಬಂದದ್ದು

ಮಾನ್ವಿಯಲ್ಲಿದ್ದ ನನ್ನ ಹೆಂಡತಿಯ ಅಣ್ಣ ಹೈದರಾಬಾದಿನಿಂದ ಒಂದು ಪಾಮರೇನಿಯನ್ ನಾಯಿ ತಂದಿದ್ದ. ಅವನ ಮನೆಯಲ್ಲಿ ಅದು ಊಟ ಬಿಟ್ಟಿತು. ಬುಟ್ಟಿಯಲ್ಲಿಟ್ಟು, ಬಸ್ಸಿನಲ್ಲಿ ತಂದು ನಮ್ಮ ಪಡಸಾಲೆಯಲ್ಲಿ ಇಳಿಸಿ ಹೋದ. ಹೆಸರು ಜಿಮ್ಮಿ. ನೋಡಲು ಬಿಳಿ ಹತ್ತಿಯ ಉಂಡೆ, ಕೂದಲೊಳಗೆ ಕೈಯಿಟ್ಟರೆ ಬರೀ ಎಲುಬು.

ದನದ ದವಾಖಾನೆಗೆ ಒಯ್ದೆವು. ಎತ್ತು ಎಮ್ಮೆಗಳ ನಡುವೆ ಡಾಕ್ಟರು ಅದನ್ನು ಅಂಗೈ ಮೇಲೆ ಕೂರಿಸಿಕೊಂಡು ನೋಡಿದರು.

"ಮೊದಲು ಜಂತಿನ ಔಷಧ. ಆಮೇಲೆ ದಿನಕ್ಕ ನಾಕು ಸಲ, ಸ್ವಲ್ಪ ಸ್ವಲ್ಪ. ಮೆತ್ತನ್ನ ಅನ್ನ, ಮೊಸರು, ಕುದಿಸಿದ ತತ್ತಿ. ಒಮ್ಮಿಗೇ ತುರುಕಬ್ಯಾಡ್ರಿ. ವಾರಕ್ಕೊಮ್ಮಿ ತೂಕ ನೋಡ್ರಿ. ಹಿಂಗೇ ಬಿಟ್ರ ಇದು ಚಳಿಗಾಲ ದಾಟಂಗಿಲ್ಲ."

ನನ್ನ ಹೆಂಡತಿ ಅಲ್ಲೇ ಕಣ್ಣೀರಿಟ್ಟಳು. ನನಗೆ ತಡೆಯಲಾಗಲಿಲ್ಲ. "ದೇವದುರ್ಗದಾಗ ಮೂರು ವರ್ಷ ಖಾನಾವಳಿ ಊಟ ಮಾಡಿ ನಾ ಕಡ್ಡಿ ಆಗಿ ಬಂದಾಗ ಯಾರೂ ಅಳಲಿಲ್ಲ."

"ಆಗಿನ್ನೂ ನಾ ನಿಮ್ಮ ಹೆಂಡ್ತಿ ಆಗಿದ್ದಿಲ್ಲಲ್ರೀ."

"ಈಗ ಆಗಿಯಲ್ಲ?"

"ಈಗ ನಾಯಿ ಬಂದದಲ್ರೀ."

ತುಪ್ಪದ ಪಥ್ಯ

ಸ್ವಲ್ಪ ಸ್ವಲ್ಪ ಎಂದು ಡಾಕ್ಟರು ಹೇಳಿದ್ದು ನನ್ನ ಹೆಂಡತಿಯ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಮೊದಲ ದಿನವೇ ಅನ್ನದ ಮೇಲೆ ಸೌಟಿನಿಂದ ತುಪ್ಪ ಸುರಿದಳು. ಮರುದಿನ ನಾಯಿಗೆ ಭೇದಿ. ಪಡಸಾಲೆ ತೊಳೆದವನು ನಾನು.

ಡಾಕ್ಟರು ಸಿಟ್ಟಾದರು. "ತೂಕ ಹೆಚ್ಚಿಸ್ರಿ ಅಂದೀನಿ, ತುಪ್ಪದ ದೀಪ ಹಚ್ರಿ ಅಂದಿಲ್ಲ. ತುಪ್ಪ ಬಂದ್!"

ನನಗೆ ಒಳಗೊಳಗೇ ಖುಷಿ. ತುಪ್ಪದ ಗಿಂಡಿ ಇನ್ನು ನನ್ನ ಕಡೆ ತಿರುಗೀತು ಎಂದು ಊಟಕ್ಕೆ ಕೂತು ಕೈ ಚಾಚಿದೆ. ಹೆಂಡತಿ ಗಿಂಡಿಯನ್ನು ಹಿಂದಕ್ಕೆಳೆದಳು. "ಅದರ ಎದುರಿಗೆ ಹ್ಯಾಂಗ ತಿಂತೀರಿ? ಪಾಪ, ನಿಮ್ಮ ಬಾಯಿ ನೋಡ್ತದ."

ಭೇದಿಯಾದದ್ದು ನಾಯಿಗೆ, ಪಥ್ಯ ನನಗೆ.

ಗೋಡೆಯಾಚೆಯ ಏಕಾದಶಿ

ನಮ್ಮದು ಪಕ್ಕಾ ವೈಷ್ಣವರ ಮನೆ. ಏಕಾದಶಿಗೆ ಒಲೆ ಹಚ್ಚುವುದಿಲ್ಲ. ನಾಯಿಗೇನು ಗತಿ ಎಂದು ಹೆಂಡತಿ ಕೇಳಿದಾಗ ನಮ್ಮ ಅವ್ವ ಮಡಿಯಲ್ಲೇ ತೀರ್ಪು ಕೊಟ್ಟಳು. "ಈ ಮನ್ಯಾಗ ಇರೋರೆಲ್ಲ ಏಕಾದಶಿ ಮಾಡ್ತಾರ. ಅದಕ್ಕ ಪುಣ್ಯ ಬ್ಯಾಡೇನು?"

ನಾಯಿ ನಿರ್ಜಲ ಮಾಡಲಿಲ್ಲ ಅನ್ನುವುದೊಂದೇ ಸಮಾಧಾನ. ದ್ವಾದಶಿ ಬೆಳಿಗ್ಗೆ ಪಾರಣೆ ಎಂದು ತಟ್ಟೆ ತುಂಬ ಇಟ್ಟರು. ಗಬಗಬ ತಿಂದು ಎಲ್ಲವನ್ನೂ ಕಕ್ಕಿತು.

ಮನೆಗೆ ಬಂದ ಡಾಕ್ಟರು ಅವ್ವನಿಗೆ ಕೈ ಮುಗಿದರು. "ಯವ್ವಾ, ಉಪವಾಸ ಮಾಡಾಕ ಮೈಯಾಗ ಏನರ ಇರಬೇಕಲ್ಲ. ಖಾಲಿ ಹೊಟ್ಟಿಗೆ ಒಮ್ಮಿಗೇ ಹಾಕಿದ್ರ ಜೀವಕ್ಕ ಕುತ್ತು."

ನಮ್ಮ ಹಿತ್ತಲ ಗೋಡೆಯಾಚೆ ಬಜಾರಿನಲ್ಲಿ ತತ್ತಿ ಮಾರುವ ಚಾಚಾ ಇದ್ದ. ಸುದ್ದಿ ಕೇಳಿ ಗೋಡೆ ಮೇಲಿಂದ ತಲೆ ಎತ್ತಿದ. "ಅಮ್ಮಾಜಾನ್, ನಮ್ಮ ಮನಿಯಾಗ ಏಕಾದಶಿ ಇಲ್ಲ. ಆ ದಿನ ನಾಯಿ ಕಳಿಸ್ರಿ, ತತ್ತಿ ಕುದಿಸಿ ಇಡ್ತೀನಿ."

ಅವ್ವ ನಾಯಿಯ ಎಲುಬು ನೋಡಿದಳು. "ಗ್ವಾಡಿ ಆಚೆ ಅದು ಏನು ತಿಂತದೋ ನನಗ ಕಾಣ್ಸಂಗಿಲ್ಲಪ್ಪ."

ಅತ್ತೆ ಸೊಸೆ ಇಬ್ಬರೂ ತತ್ತಿ ಮುಟ್ಟುವವರಲ್ಲ. ಹೀಗಾಗಿ ಚಾಚಾನ ಹಿತ್ತಲಿಗೆ ನಾಯಿ ಒಯ್ದು, ತತ್ತಿ ಸುಲಿದು ತಿನ್ನಿಸುವ ಕೆಲಸ ನನಗೆ ಬಂತು. ಹಸಿದ ಹೊಟ್ಟೆಯಲ್ಲಿ ಕೇಳಿಯೇಬಿಟ್ಟೆ. "ಅವ್ವಾ, ಗ್ವಾಡಿ ಆಚೆ ಹೋದ್ರ ನಾನೂ ಕಾಣ್ಸಂಗಿಲ್ಲೇನು?"

"ನೀ ಎಲ್ಲಿದ್ರೂ ಕಾಣ್ತೀ, ಲೇ."

ಸ್ಟೇಷನ್ನಿನ ಲೆಕ್ಕ

ದವಾಖಾನೆಯಲ್ಲಿ ಅಷ್ಟು ಸಣ್ಣ ಪ್ರಾಣಿಗೆ ತಕ್ಕಡಿ ಇರಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲಿ ನಾಣ್ಯ ಹಾಕಿದರೆ ತೂಕದ ಚೀಟಿ ಉದುರಿಸುವ ಯಂತ್ರವಿತ್ತು. ನಾಯಿ ಒಂಟಿಯಾಗಿ ಅದರ ಮೇಲೆ ನಿಲ್ಲದು. ಮೊದಲು ನಾನೊಬ್ಬನೇ ನಿಂತೆ, ಐವತ್ತೊಂದು. ನಾಯಿ ಎತ್ತಿಕೊಂಡು ನಿಂತೆ, ಐವತ್ಮೂರು. ನಾಯಿ ಎರಡು ಕಿಲೋ.

ಮುಂದಿನ ಆದಿತ್ಯವಾರ ಮತ್ತೆ ಒಂಟಿಯಾಗಿ ನಿಲ್ಲಲು ಹೋದರೆ ಹೆಂಡತಿ ತಡೆದಳು. "ನಿಮ್ಮ ತೂಕ ಮದುವಿ ಆದಾಗಿಂದ ಅಷ್ಟೇ ಅದ. ಅದನ್ನೇನು ವಾರವಾರ ನೋಡೋದು?" ಅಂದಿನಿಂದ ಇಬ್ಬರ ತೂಕದಲ್ಲಿ ಐವತ್ತೊಂದು ಕಳೆಯುವುದು, ಉಳಿದದ್ದು ನಾಯಿಯದು.

ಈಗ ನಾನೊಂದು ಮಾತು ಒಪ್ಪಿಕೊಳ್ಳಬೇಕು. ನಾಕು ಊಟಗಳಲ್ಲಿ ಸಂಜೆಯದು ಮತ್ತು ರಾತ್ರಿಯದು ನನ್ನ ಪಾಳಿ. ಹಾಲಿನಲ್ಲಿ ಬೇಯಿಸಿದ ಮೆತ್ತನ್ನ ಅನ್ನ, ಮೇಲೆ ಕೆನೆಮೊಸರು. ನನ್ನ ತಾಟಿಗೆ ಬೀಳುತ್ತಿದ್ದದ್ದು ನೀರು ಮಜ್ಜಿಗೆ. ಬಟ್ಟಲನ್ನು ನಾಯಿಯ ಮುಂದಿಡುವ ಮೊದಲು, ಬಾಗಿಲ ಮರೆಯಲ್ಲಿ, ಎರಡು ತುತ್ತು ಬಾಯಿಗೆ ಹಾಕಿಕೊಂಡೆ. ಮರುದಿನ ನಾಕು. ಆಮೇಲೆ ಅದಕ್ಕೆ ಉಳಿಯುತ್ತಿದ್ದದ್ದೇ ಎರಡು ತುತ್ತು.

ವಾರವಾರವೂ ಚೀಟಿಯಲ್ಲಿ ಅಂಕಿ ಏರಿತು. ಆರನೆಯ ವಾರ ಐವತ್ತೈದು! ಹೆಂಡತಿ ನಾಯಿಯ ದೃಷ್ಟಿ ತೆಗೆದಳು. ನನ್ನ ಪ್ಯಾಂಟಿನ ಗುಂಡಿ ಕಿತ್ತುಹೋದದ್ದಕ್ಕೆ ಅಗಸನನ್ನು ಬೈದಳು.

ಎರಡು ಕಿಲೋ ಎಲ್ಲಿ ಹೋಯಿತು?

ಚೀಟಿ ಹಿಡಿದು ಡಾಕ್ಟರ ಬಳಿ ಓಡಿದಳು. ಅವರು ಯಾವುದೋ ಎಮ್ಮೆಯ ಹೆರಿಗೆಯ ಗಡಿಬಿಡಿಯಲ್ಲಿದ್ದರು. ನಾಯಿಯನ್ನು ನೋಡದೆಯೇ, "ನಾಕು ಕಿಲೋ? ಇಷ್ಟು ಲಗೂ ಏರಬಾರದ್ರೀ. ನಾಳಿಂದ ಊಟ ಅರ್ಧ ಮಾಡ್ರಿ" ಎಂದರು.

ಮರುದಿನ ಸಂಜೆ ಬಟ್ಟಲಿಗೆ ಬಿದ್ದದ್ದೇ ಅರ್ಧ. ನಾನು ಮುಟ್ಟಲಿಲ್ಲ. ನಾಯಿ ಅಷ್ಟನ್ನೂ ನೆಕ್ಕಿ, ಖಾಲಿ ಬಟ್ಟಲನ್ನೂ ನೆಕ್ಕಿ, ಬಂದು ನನ್ನ ಪಾದದ ಮೇಲೆ ಗದ್ದ ಊರಿತು. ನನ್ನ ತುತ್ತು ಕದ್ದವನು ನೀನೇ ಎಂದು ಬೊಗಳಿದ್ದರೂ ಸಹಿಸಬಹುದಿತ್ತು. ಆ ಎಲುಬು ಕೈಗೆ ಹತ್ತಿದಾಗ ನನಗೆ ಹೆದರಿಕೆಯಾಯಿತು. ಹೊಟ್ಟೆಕಿಚ್ಚಿನವ ಹೌದು, ಕಟುಕನಲ್ಲ.

"ನಡಿ ಸ್ಟೇಷನ್ನಿಗೆ. ಈಗ ನಾನೊಬ್ಬನೇ ನಿಲ್ತೀನಿ" ಎಂದೆ.

"ನಿಮ್ಮ ತೂಕ ಯಾರಿಗೆ ಬೇಕಾಗ್ಯದ?"

"ನಾಯಿಗೆ ಬೇಕಾಗ್ಯದ."

ಚೀಟಿ ಬಿತ್ತು. ಐವತ್ಮೂರು. ಹೆಂಡತಿ ಬೆರಳು ಮಡಚಿ ಎಣಿಸಿದಳು. ನಾಯಿಯನ್ನು ನೋಡಿದಳು, ನನ್ನ ಪ್ಯಾಂಟಿನ ಗುಂಡಿ ನೋಡಿದಳು. "ನಾಯಿ ಎರಡರಾಗೇ ಅದ! ಹಂಗಾದ್ರ ಆ ಎರಡು ಕಿಲೋ ಎಲ್ಲಿ ಹೋತು?"

ಬೆಂಚಿನ ಮೇಲೆ ಬೀಡಿ ಸೇದುತ್ತಿದ್ದ ಹಮಾಲ ಹೇಳಿದ, "ಎಲ್ಲೂ ಹೋಗಿಲ್ರೀ ಯವ್ವಾ, ಅಲ್ಲೇ ನಿಂತದ."

ಎಲ್ಲ ಹೇಳಿಬಿಟ್ಟೆ. "ಹೊಟ್ಟಿಕಿಚ್ಚು ಆತು ನನಗ. ನನ್ನ ಯಾರೂ ಹಂಗ ನೋಡಿಕೊಂಡಿಲ್ಲ."

ಅವಳು ನಾಯಿಯನ್ನು ಎತ್ತಿಕೊಂಡು ಮನೆಯವರೆಗೂ ಮುಂದೆ ಮುಂದೆ ನಡೆದಳು. ಹೊಸ್ತಿಲ ಬಳಿ ನಿಂತು, "ಬಾಯಿ ಬಿಟ್ಟು ಕೇಳಿದ್ರ ಇನ್ನೊಂದು ಮುಷ್ಟಿ ಅಕ್ಕಿ ಹಾಕ್ತಿದ್ದಿಲ್ಲೇನ್ರೀ ನಾ?" ಎಂದಳು. ಅಂದಿನಿಂದ ಎರಡು ಬಟ್ಟಲು. ಸಂಕ್ರಾಂತಿಯ ಹೊತ್ತಿಗೆ ನಾಯಿ ಸ್ವಂತ ಬಲದಿಂದ ಮೂರು ಕಿಲೋ ಮುಟ್ಟಿತು.

ಆದರೆ ಆ ಸಂಜೆಯ ವಿಚಾರಣೆ ಅಲ್ಲಿಗೆ ಮುಗಿದಿರಲಿಲ್ಲ. ಹಿತ್ತಲಲ್ಲಿ ತುಳಸಿಗೆ ದೀಪ ಇಡುತ್ತಿದ್ದ ಅವ್ವ ಎಲ್ಲ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡಪ್ಪಾ. ತಿಂದದ್ದು ಮೊಸರನ್ನ ಅಷ್ಟೇ ಅಲ್ಲ? ಏಕಾದಶಿ ದಿನ ಏನೂ ಮುಟ್ಟಿಲ್ಲಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಗೋಡೆ ಮೇಲಿಂದ ಚಾಚಾನ ತಲೆ ಎದ್ದಿತು.

"ಮಾಸ್ತರ್ ಸಾಬ್, ನಾಳೆ ಏಕಾದಶಿ. ಈ ಸಲ ಎರಡು ತತ್ತಿ ಕುದಿಸಲೇನ್ರೀ? ಪಾಪ, ನಾಯಿಗೂ ಒಂದು ಸಿಗಲಿ."